ಸಂಕಲ್ಪಕ್ಕೊಂದು ಸಮಯ

ಮನುಷ್ಯನ ಮನಸ್ಸಿಗೆ ಒಳ್ಳೆಯ ಆಲೋಚನೆಗಳ ಬಡತನ ಎಂದೂ ಇಲ್ಲ. ಶುಕ್ರವಾರದ ಖುತ್ಬಾ ಆಲಿಸಿ ಮಸೀದಿಯ ಮೆಟ್ಟಿಲಿಳಿಯುವಾಗ, ರಮಝಾನಿನ ಕೊನೆಯ ಹತ್ತರ ರಾತ್ರಿಗಳಲ್ಲಿ, ಆಪ್ತರೊಬ್ಬರ ಜನಾಝಾದ ಹಿಂದೆ ಹೆಜ್ಜೆ ಹಾಕುವಾಗ ನಮ್ಮ ಹೃದಯದಲ್ಲಿ ಎಷ್ಟೋ ಸದಾಶಯಗಳು ಮೂಡುತ್ತವೆ. ಕುರ್‌ಆನನ್ನು ಅರ್ಥಸಹಿತ ಓದಬೇಕು, ಮುರಿದುಹೋದ ಸಂಬಂಧವೊಂದನ್ನು ಜೋಡಿಸಬೇಕು, ಮೊಹಲ್ಲಾದ ಬಡ ಮಕ್ಕಳಿಗೆ ಸಂಜೆ ಪಾಠ ಹೇಳಿಕೊಡಬೇಕು, ಸಾಲ ತೀರಿಸಿ ಹಗುರವಾಗಬೇಕು ಎಂದೆಲ್ಲ ಅಂದುಕೊಳ್ಳುತ್ತೇವೆ. ಆ ಕ್ಷಣದಲ್ಲಿ ಅಂದುಕೊಂಡದ್ದು ಪ್ರಾಮಾಣಿಕವಾಗಿಯೇ ಇರುತ್ತದೆ. ಆದರೆ ಮನೆಯ ಹೊಸ್ತಿಲು ತುಳಿಯುವಷ್ಟರಲ್ಲಿ ಮೊಬೈಲಿನ ಕರೆ, ಅಂಗಡಿಯ ಲೆಕ್ಕ, ಮಕ್ಕಳ ಶಾಲೆಯ ಶುಲ್ಕ ಎದುರು ಬಂದು ನಿಲ್ಲುತ್ತವೆ. ಸದಾಶಯವು ಸದ್ದಿಲ್ಲದೆ ಹಿಂದಿನ ಸಾಲಿಗೆ ಸರಿದುಬಿಡುತ್ತದೆ.

ಕರ್ಮಗಳ ಮೌಲ್ಯವು ಸಂಕಲ್ಪವನ್ನು, ಅಂದರೆ ನಿಯ್ಯತ್ತನ್ನು, ಅವಲಂಬಿಸಿದೆ ಎಂಬ ಪ್ರವಾದಿ ಮುಹಮ್ಮದ್(ಸ)ರ ಬೋಧನೆಯನ್ನು ಇಮಾಮ್ ಬುಖಾರಿಯವರು ತಮ್ಮ ಸಂಗ್ರಹದ ಮೊತ್ತಮೊದಲ ಹದೀಸ್ ಆಗಿ ಇರಿಸಿದ್ದಾರೆ. ಒಳಿತೊಂದನ್ನು ಮಾಡಲು ಮನಸ್ಸು ಮಾಡಿ, ಅದನ್ನು ಮಾಡಲಾಗದೆ ಹೋದವನಿಗೂ ಒಂದು ಪೂರ್ಣ ಸತ್ಕರ್ಮದ ಪುಣ್ಯ ಬರೆಯಲ್ಪಡುತ್ತದೆ, ಮಾಡಿ ಮುಗಿಸಿದವನಿಗೆ ಹತ್ತರಿಂದ ಏಳುನೂರು ಪಟ್ಟು ಮತ್ತು ಅದಕ್ಕಿಂತಲೂ ಹೆಚ್ಚು ದೊರೆಯುತ್ತದೆ ಎಂದೂ ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಇದು ಅಲ್ಲಾಹನ ಅಪಾರ ಕಾರುಣ್ಯ. ಆದರೆ ಈ ಲೆಕ್ಕದ ಇನ್ನೊಂದು ಬದಿಯನ್ನೂ ನಾವು ನೋಡಬೇಕು. ಒಂದಕ್ಕೂ ಹತ್ತಕ್ಕೂ ನಡುವೆ ಇರುವ ಅಂತರವು ಕೃತಿಯ ಅಂತರವಾಗಿದೆ. ಆ ಅಂತರವನ್ನು ದಾಟುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಸೆರೆಮನೆಯಿಂದ ಬಂದ ಯೋಜನೆ

ಪವಿತ್ರ ಕುರ್‌ಆನಿನ ಹನ್ನೆರಡನೆಯ ಅಧ್ಯಾಯವಾದ ಸೂರಃ ಯೂಸುಫ್‌ನಲ್ಲಿ ಈಜಿಪ್ಟಿನ ಅರಸನ ಕನಸೊಂದರ ಪ್ರಸ್ತಾಪವಿದೆ. ಏಳು ಕೊಬ್ಬಿದ ಹಸುಗಳನ್ನು ಏಳು ಬಡಕಲು ಹಸುಗಳು ತಿನ್ನುತ್ತಿವೆ. ಏಳು ಹಸಿರು ತೆನೆಗಳಿವೆ, ಉಳಿದವು ಒಣಗಿವೆ. ಆಸ್ಥಾನದ ಪ್ರಮುಖರು ಇದನ್ನು ಅರ್ಥವಿಲ್ಲದ ಗೊಂದಲದ ಕನಸೆಂದು ತಳ್ಳಿಹಾಕುತ್ತಾರೆ. ಆಗ ಸೆರೆಮನೆಯಲ್ಲಿದ್ದ ಯೂಸುಫ್(ಅ)ರ ಬಳಿಗೆ ಈ ಪ್ರಶ್ನೆ ಹೋಗುತ್ತದೆ.

ಅವರನ್ನು ಕೇಳಿದ್ದು ಕನಸಿನ ಅರ್ಥವನ್ನು ಮಾತ್ರ. ಅವರು ಅಷ್ಟನ್ನೇ ಹೇಳಿ ಸುಮ್ಮನಾಗಬಹುದಿತ್ತು. ಬರಗಾಲ ಬರಲಿದೆ ಎಂಬ ಸುದ್ದಿಯೊಂದೇ ಅರಸನನ್ನು ನಡುಗಿಸಲು ಸಾಕಿತ್ತು. ಆದರೆ ಯೂಸುಫ್(ಅ) ಕೊಟ್ಟದ್ದು ಒಂದು ಕಾರ್ಯಯೋಜನೆಯನ್ನು. ಏಳು ವರ್ಷಗಳ ಕಾಲ ಎಡೆಬಿಡದೆ ಬೇಸಾಯ ಮಾಡಿರಿ, ಕೊಯ್ದದ್ದರಲ್ಲಿ ಉಣ್ಣಲು ಬೇಕಾದ ಸ್ವಲ್ಪವನ್ನು ಬಿಟ್ಟು ಉಳಿದದ್ದನ್ನು ತೆನೆಯಲ್ಲಿಯೇ ಉಳಿಸಿರಿ, ಅನಂತರ ಬರುವ ಏಳು ಕಠಿಣ ವರ್ಷಗಳು ನೀವು ಕೂಡಿಟ್ಟದ್ದನ್ನು ತಿಂದುಹಾಕುವುವು, ಆಗಲೂ ಸ್ವಲ್ಪವನ್ನು ಕಾದಿರಿಸಿಕೊಳ್ಳುವಿರಿ, ಅದರ ಮುಂದಿನ ವರ್ಷ ಮಳೆ ಬರುವುದು ಎಂಬುದು ಅವರ ಮಾತಿನ ಸಾರ.

ಈ ಕೆಲವೇ ವಾಕ್ಯಗಳಲ್ಲಿ ಗುರಿಯೊಂದಕ್ಕೆ ಬೇಕಾದ ಎಲ್ಲವೂ ಅಡಕವಾಗಿದೆ. ಇಲ್ಲಿ ಅವಧಿಯಿದೆ: ಏಳು ವರ್ಷ. ಕೆಲಸವಿದೆ: ಬೇಸಾಯ. ಮಿತಿಯಿದೆ: ಉಣ್ಣುವಷ್ಟು ಮಾತ್ರ ಬಳಸುವುದು. ವಿಧಾನವಿದೆ: ಧಾನ್ಯವನ್ನು ತೆನೆಯಿಂದ ಬೇರ್ಪಡಿಸದೆ ಇಡುವುದು. ತೆನೆಯಲ್ಲಿರುವ ಕಾಳು ಬೇಗನೆ ಕೆಡುವುದಿಲ್ಲವೆಂಬುದು ಯಾವ ರೈತನಿಗೂ ತಿಳಿದ ಸಂಗತಿ. ಕೊನೆಯಲ್ಲಿ ಕಾದಿರಿಸಬೇಕಾದ ಆ ಸ್ವಲ್ಪವು ಬಿತ್ತನೆಯ ಬೀಜಕ್ಕಾಗಿ ಎಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ನಮ್ಮ ತುಳುನಾಡಿನ ಹಳೆಯ ಮನೆಗಳಲ್ಲಿ ಎಷ್ಟೇ ಕಷ್ಟ ಬಂದರೂ ಬಿತ್ತನೆಯ ಭತ್ತದ ಮುಡಿಯನ್ನು ಬಿಚ್ಚುತ್ತಿರಲಿಲ್ಲ. ಹಸಿವಿನ ದಿನಗಳಲ್ಲಿಯೂ ಮುಂದಿನ ಮಳೆಗಾಲವನ್ನು ನೆನೆಯುವ ಆ ವಿವೇಕದ ಬೆಲೆ ಹಿರಿಯರಿಗೆ ಗೊತ್ತಿತ್ತು.

ಇನ್ನೂ ಒಂದು ಸೂಕ್ಷ್ಮವಿದೆ. ಬೇಸಾಯದ ಕುರಿತು ಕುರ್‌ಆನ್ ಅಲ್ಲಿ ಬಳಸಿರುವ ಪದದಲ್ಲಿ ರೂಢಿಯಂತೆ, ನಿರಂತರವಾಗಿ ಎಂಬ ಅರ್ಥವಿದೆ. ಒಂದು ವರ್ಷ ಆವೇಶದಿಂದ ದುಡಿದು ಎರಡು ವರ್ಷ ಮಲಗಿದರೆ ಕಣಜ ತುಂಬದು. ಅಲ್ಲಾಹನಿಗೆ ಅತ್ಯಂತ ಪ್ರಿಯವಾದ ಕರ್ಮಗಳು ಅಲ್ಪವಾಗಿದ್ದರೂ ನಿರಂತರವಾಗಿರುವವು ಎಂಬ ಪ್ರವಾದಿ(ಸ)ರ ಉಪದೇಶವೂ ಇದನ್ನೇ ಹೇಳುತ್ತದೆ.

ಯೋಜನೆ ಹಾಕಿಕೊಟ್ಟವರು ಅದರ ಹೊಣೆಯನ್ನೂ ಹೊತ್ತರು. ಸೆರೆಯಿಂದ ಬಿಡುಗಡೆಗೊಂಡು ಅರಸನ ವಿಶ್ವಾಸ ಗಳಿಸಿದಾಗ, ನಾಡಿನ ಭಂಡಾರಗಳ ಉಸ್ತುವಾರಿಯನ್ನು ತನಗೆ ವಹಿಸಬೇಕೆಂದು ಯೂಸುಫ್(ಅ) ಕೇಳಿಕೊಂಡರು. ತಾನು ಕಾಪಾಡಬಲ್ಲವನೂ ಅರಿವುಳ್ಳವನೂ ಆಗಿದ್ದೇನೆ ಎಂದು ಕಾರಣವನ್ನೂ ಕೊಟ್ಟರು. ಸಲಹೆ ಕೊಟ್ಟು ಕೈತೊಳೆದುಕೊಳ್ಳುವವರ ನಡುವೆ ಈ ಮಾದರಿ ಎಷ್ಟೊಂದು ಎತ್ತರದಲ್ಲಿದೆ!

ಹತ್ತು ಮಂದಿಗೆ ನಲವತ್ತು ಮೊಳ

ಹಿಜರಿ 5ನೆಯ ವರ್ಷ, ಅಂದರೆ ಕ್ರಿ.ಶ. 627ರಲ್ಲಿ, ಮಕ್ಕಾದ ಕುರೈಶರೂ ಅವರ ಮಿತ್ರಕೂಟಗಳೂ ಸೇರಿ ಮದೀನಾದ ಮೇಲೆ ದಂಡೆತ್ತಿ ಬಂದವು. ಇತಿಹಾಸಕಾರರು ಆ ಸೇನೆಯ ಸಂಖ್ಯೆಯನ್ನು ಹತ್ತು ಸಾವಿರವೆಂದೂ ಮದೀನಾದ ಮುಸ್ಲಿಮರ ಸಂಖ್ಯೆಯನ್ನು ಮೂರು ಸಾವಿರವೆಂದೂ ದಾಖಲಿಸಿದ್ದಾರೆ. ಪ್ರವಾದಿವರ್ಯರು(ಸ) ಸಹಾಬಿಗಳೊಂದಿಗೆ ಸಮಾಲೋಚನೆ ನಡೆಸಿದಾಗ, ಪರ್ಶಿಯಾದಿಂದ ಬಂದ ಸಲ್ಮಾನುಲ್ ಫಾರಿಸಿ(ರ) ಕಂದಕ ತೋಡುವ ಸಲಹೆಯನ್ನು ಮುಂದಿಟ್ಟರು. ಅರಬರ ಯುದ್ಧಗಳಲ್ಲಿ ಅದು ಹೊಸ ವಿಚಾರವಾಗಿತ್ತು.

ಆ ವಿಚಾರವು ಹೇಗೆ ಕಾರ್ಯವಾಯಿತೆಂಬುದನ್ನು ಗಮನಿಸಬೇಕು. ಮೊದಲು ಎಲ್ಲಿ ತೋಡಬೇಕು ಎಂಬುದು ನಿಶ್ಚಯವಾಯಿತು. ಲಾವಾರಸದಿಂದಾದ ಬಂಡೆನೆಲ, ಖರ್ಜೂರದ ತೋಟಗಳು, ಒತ್ತೊತ್ತಾಗಿದ್ದ ಮನೆಗಳು ನಗರದ ಉಳಿದ ದಿಕ್ಕುಗಳಿಗೆ ಸಹಜ ರಕ್ಷಣೆ ನೀಡಿದ್ದವು. ಉತ್ತರದ ಕಡೆ ಮಾತ್ರ ಬಯಲಾಗಿತ್ತು. ಆದ್ದರಿಂದ ಕಂದಕವು ಅಲ್ಲಿಗೆ ಸೀಮಿತವಾಯಿತು. ಬಳಿಕ ನೆಲವನ್ನು ಅಳೆದು, ಹತ್ತು ಮಂದಿಯ ಒಂದೊಂದು ಗುಂಪಿಗೆ ನಲವತ್ತು ಮೊಳದಂತೆ ಹಂಚಲಾಯಿತೆಂದು ಚರಿತ್ರೆಯಲ್ಲಿದೆ. ಶತ್ರು ತಲುಪುವ ಮುನ್ನ ಕೆಲಸ ಮುಗಿಯಲೇಬೇಕಿತ್ತು. ಚಳಿಯೂ ಹಸಿವೂ ಇದ್ದ ಆ ದಿನಗಳಲ್ಲಿ ಪ್ರವಾದಿವರ್ಯರು(ಸ) ಸ್ವತಃ ಮಣ್ಣು ಹೊತ್ತರು. ಅವರ ಮೈಮೇಲೆ ಧೂಳು ಮುಸುಕಿದ್ದನ್ನು ಕಂಡವರು ವರದಿ ಮಾಡಿದ್ದಾರೆ. ಸೇನೆ ಬಂದಾಗ ಕಂದಕ ಸಿದ್ಧವಾಗಿತ್ತು.

ಇಡೀ ಕಂದಕವನ್ನು ಒಬ್ಬನ ಕಣ್ಣಮುಂದೆ ಇಟ್ಟಿದ್ದರೆ ಅವನ ಧೈರ್ಯ ಕುಸಿಯುತ್ತಿತ್ತು. ತನ್ನ ಒಂಬತ್ತು ಮಂದಿ ಸಂಗಾತಿಗಳ ಜೊತೆ ನಲವತ್ತು ಮೊಳ ತೋಡುವುದಾದರೆ ಗುದ್ದಲಿ ತಾನಾಗಿಯೇ ಮೇಲೇಳುತ್ತದೆ. ಬದ್ರ್ ಯುದ್ಧದ ಕೈದಿಗಳ ವಿಷಯದಲ್ಲಿಯೂ ಇದೇ ರೀತಿಯ ಖಚಿತತೆ ಕಾಣಸಿಗುತ್ತದೆ. ಬಿಡುಗಡೆಯ ಹಣ ಕೊಡಲಾಗದ, ಆದರೆ ಬರವಣಿಗೆ ಬಲ್ಲ ಕೈದಿಗಳು ಮದೀನಾದ ಹತ್ತು ಹತ್ತು ಮಕ್ಕಳಿಗೆ ಅಕ್ಷರ ಕಲಿಸಿದರೆ ಅದೇ ಅವರ ಬಿಡುಗಡೆಯೆಂದು ನಿಶ್ಚಯಿಸಲಾಯಿತೆಂದು ವರದಿಯಾಗಿದೆ. ವಿದ್ಯೆಯನ್ನು ಹರಡೋಣ ಎಂಬ ಮಾತು ಎಲ್ಲರಿಗೂ ಇಷ್ಟವಾಗುತ್ತದೆ. ಹತ್ತು ಮಕ್ಕಳು ಎಂಬ ಸಂಖ್ಯೆಯು ಆ ಮಾತಿಗೆ ಕೈಕಾಲು ಕೊಡುತ್ತದೆ. ಯಹೂದಿಗಳ ಲಿಪಿಯನ್ನು ಕಲಿಯುವಂತೆ ಪ್ರವಾದಿ(ಸ) ಆದೇಶಿಸಿದಾಗ ಝೈದ್ ಬಿನ್ ಸಾಬಿತ್(ರ) ಅರ್ಧ ತಿಂಗಳು ಕಳೆಯುವುದರೊಳಗೆ ಅದನ್ನು ಕರಗತ ಮಾಡಿಕೊಂಡರೆಂದು ತಿರ್ಮಿದಿಯಲ್ಲಿದೆ. ಏನನ್ನು ಕಲಿಯಬೇಕು, ಯಾತಕ್ಕಾಗಿ ಕಲಿಯಬೇಕು ಎಂಬುದು ಅವರಿಗೆ ಸ್ಪಷ್ಟವಾಗಿತ್ತು.

ನನ್ನ ಉಮ್ಮನ ನಲವತ್ತೊಂಬತ್ತು ಅಕ್ಷರಗಳು

ಈ ಚರಿತ್ರೆಗಳನ್ನು ನಾನು ಹಲವು ಬಾರಿ ಓದಿದ್ದೇನೆ, ಕೇಳಿದ್ದೇನೆ. ಆದರೆ ಅವುಗಳ ಬಲವನ್ನು ಕಣ್ಣಾರೆ ಕಂಡದ್ದು ನಮ್ಮ ಮನೆಯ ಚಾವಡಿಯಲ್ಲಿ, ಅರವತ್ತೆಂಟು ವರ್ಷದ ನನ್ನ ಉಮ್ಮನ ಮುಂದೆ ಕುಳಿತು.

ದಕ್ಷಿಣ ಕನ್ನಡದ ಅನೇಕ ಹಿರಿಯ ಬ್ಯಾರಿ ಮಹಿಳೆಯರಂತೆ ಉಮ್ಮ ಬಾಲ್ಯದಲ್ಲಿ ಮದ್ರಸಾಕ್ಕೆ ಹೋದವರು, ಶಾಲೆಗೆ ಹೋಗದವರು. ಕುರ್‌ಆನನ್ನು ಅರಬಿಯಲ್ಲಿ ನಿರರ್ಗಳವಾಗಿ ಓದುತ್ತಿದ್ದರು. ಅರಬಿ ಮಲಯಾಳ ಲಿಪಿಯ ಮಾಲೆಗಳನ್ನೂ ರಾಗವಾಗಿ ಹಾಡುತ್ತಿದ್ದರು. ಕನ್ನಡವನ್ನು ಕೇಳಿದರೆ ಅರ್ಥವಾಗುತ್ತಿತ್ತು, ಆದರೆ ಅದರ ಅಕ್ಷರಗಳು ಅವರ ಪಾಲಿಗೆ ಮುಚ್ಚಿದ ಬಾಗಿಲಾಗಿದ್ದವು. ನಮ್ಮ ತಂದೆ ಬದುಕಿದ್ದಾಗ ಪ್ರತಿ ರಾತ್ರಿ ಕುರ್‌ಆನಿನ ಕನ್ನಡಾನುವಾದದಿಂದ ಒಂದೆರಡು ಪುಟ ಓದಿ ಹೇಳುತ್ತಿದ್ದರು. ಅವರು ಅಲ್ಲಾಹನ ಸನ್ನಿಧಿಗೆ ಮರಳಿದ ಬಳಿಕ ಆ ಗ್ರಂಥ ಕಪಾಟಿನಲ್ಲಿಯೇ ಉಳಿಯಿತು.

ಒಂದು ದಿನ ಕಣ್ಣಿನ ವೈದ್ಯರು ಉಮ್ಮನ ಪರೀಕ್ಷೆ ಮುಗಿಸಿ, ಮಧುಮೇಹವು ಕಣ್ಣಿನ ಒಳಪರದೆಯನ್ನು ಬಾಧಿಸಿದೆ, ಉಳಿದ ದೃಷ್ಟಿಯನ್ನು ಕಾಪಾಡಿಕೊಳ್ಳಲು ಚಿಕಿತ್ಸೆ ಮಾಡಬಹುದು, ಎಷ್ಟು ಕಾಲ ಉಳಿಯುವುದೆಂದು ಹೇಳಲಾಗದು ಎಂದರು. ಮನೆಗೆ ಮರಳಿದ ಮೇಲೆ ಉಮ್ಮ ತುಂಬ ಹೊತ್ತು ಮೌನವಾಗಿದ್ದರು. ಬಳಿಕ ನಿಧಾನವಾಗಿ ಹೇಳಿದರು: "ಯೂಸುಫ್ ನೆಬಿಯವರ ಚರಿತ್ರೆಯನ್ನು ನಿಮ್ಮ ಬಾಪ ಓದುವಾಗ ಕೇಳಿದ್ದೇನೆ. ಕಣ್ಣು ಹೋಗುವ ಮೊದಲು ಅದನ್ನು ನಾನೇ ಒಮ್ಮೆ ಓದಬೇಕು."

ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುವ ಕೆಲಸದಲ್ಲಿ ಬಹುಕಾಲದಿಂದ ಇರುವ ವ್ಯಕ್ತಿ. ಮಕ್ಕಳಿಗೆ ಅಕ್ಷರ ಕಲಿಸುವುದು ನನಗೆ ಹೊಸತಲ್ಲ. ಆದರೆ ಇಲ್ಲಿ ಕಾಲವು ನಮ್ಮ ಕೈಯಲ್ಲಿರಲಿಲ್ಲ. ಆದ್ದರಿಂದ ಈದುಲ್ ಫಿತ್ರ್ ಕಳೆದ ವಾರದಲ್ಲಿಯೇ ನಾವಿಬ್ಬರೂ ಕುಳಿತು ಒಂದು ಹಾಳೆಯ ಮೇಲೆ ಲೆಕ್ಕ ಹಾಕಿದೆವು. ಮುಂದಿನ ರಮಝಾನಿಗೆ ಹನ್ನೊಂದು ತಿಂಗಳುಗಳಿದ್ದವು. ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರಗಳು. ದಿನಕ್ಕೊಂದರಂತೆ, ಶುಕ್ರವಾರ ಹಿಂದಿನದ್ದನ್ನು ಮೆಲುಕು ಹಾಕಲು ಬಿಟ್ಟರೆ, ಎಂಟು ವಾರಗಳಿಗೆ ಒಂದು ದಿನ ಹೆಚ್ಚು. ಹಾಗಾಗಿ ಶವ್ವಾಲ್ ಮತ್ತು ದುಲ್ ಕಅದ್ ಅಕ್ಷರಗಳಿಗೆ. ಮುಂದಿನ ಮೂರು ತಿಂಗಳು ಕಾಗುಣಿತ ಮತ್ತು ಒತ್ತಕ್ಷರಗಳಿಗೆ. ಅನಂತರದ ನಾಲ್ಕು ತಿಂಗಳು ಪದಗಳಿಗೆ ಮತ್ತು ಸಣ್ಣ ವಾಕ್ಯಗಳಿಗೆ. ರಜಬ್ ಮತ್ತು ಶಅಬಾನ್ ಸೂರಃ ಯೂಸುಫ್‌ಗೆ. ಅದರಲ್ಲಿ 111 ಸೂಕ್ತಗಳಿವೆ. ದಿನಕ್ಕೆ ಮೂರರಂತೆ ಓದಿದರೆ 37 ದಿನ. ಶುಕ್ರವಾರಗಳನ್ನು ಬಿಟ್ಟರೂ ಎರಡು ವಾರ ಕೈಯಲ್ಲಿ ಉಳಿಯುತ್ತದೆ. ಆ ಹಾಳೆಯನ್ನು ಕಪಾಟಿನ ಬಾಗಿಲಿಗೆ ಅಂಟಿಸಿದೆವು.

ಸಮಯ ಯಾವುದು ಎಂಬ ಪ್ರಶ್ನೆಗೆ ಉಮ್ಮನೇ ಉತ್ತರ ಕೊಟ್ಟರು. ಮಗ್ರಿಬ್ ನಮಾಝಿಗೂ ಇಶಾ ನಮಾಝಿಗೂ ನಡುವೆ ನಮ್ಮಲ್ಲಿ ಒಂದು ಗಂಟೆಗಿಂತ ತುಸು ಹೆಚ್ಚು ಬಿಡುವು. ದ್ಸಿಕ್ರ್ ಮತ್ತು ಕುರ್‌ಆನ್ ಪಾರಾಯಣ ಕಳೆದು ಉಳಿಯುವ 25 ನಿಮಿಷಗಳು ಪಾಠಕ್ಕೆ. ಗಡಿಯಾರ ನೋಡಬೇಕಾದ ಅಗತ್ಯವೇ ಬೀಳಲಿಲ್ಲ. ಮುಸಲ್ಲಾ ಮಡಚುವುದೇ ಗಂಟೆ ಬಾರಿಸಿದಂತೆ.

ಕೆಲಸ ಸುಲಭವಾಗಿರಲಿಲ್ಲ. ಅರಬಿ ಓದಿದ ಬೆರಳು ಪ್ರತಿ ಸಾಲಿನಲ್ಲಿಯೂ ಬಲತುದಿಗೆ ಹೋಗಿ ನಿಲ್ಲುತ್ತಿತ್ತು. ಎಡಗಡೆಯ ಅಂಚಿನಲ್ಲಿ ಕೆಂಪು ಚುಕ್ಕಿ ಹಾಕಿ, ಇಲ್ಲಿಂದ ಹೊರಡಬೇಕೆಂದು ಗುರುತು ಮಾಡಿದೆವು. ಕಣ್ಣಿಗೆ ಶ್ರಮವಾಗದಂತೆ ದಪ್ಪ ಮಾರ್ಕರಿನಲ್ಲಿ ಬೆರಳುದ್ದದ ಅಕ್ಷರಗಳನ್ನು ಬರೆಯುತ್ತಿದ್ದೆ. ಮಹಾಪ್ರಾಣಗಳು ಅವರ ನಾಲಗೆಗೆ ಒಗ್ಗುತ್ತಿರಲಿಲ್ಲ. 'ಬ'ಕ್ಕೂ 'ಭ'ಕ್ಕೂ ಏನು ಭೇದವೆಂದು ನಗುತ್ತಿದ್ದರು. 'ಙ' ಮತ್ತು 'ಞ' ಬಂದ ದಿನ, ಇವು ಯಾವ ಪದದಲ್ಲಿ ಬರುತ್ತವೆ ಎಂದು ಕೇಳಿದರು. ಸದ್ಯಕ್ಕೆ ಬೇಡವೆಂದು ಎರಡನ್ನೂ ಬದಿಗಿಟ್ಟೆವು. ಗುರಿಗೆ ನೇರವಾಗಿ ಬೇಕಿಲ್ಲದ್ದನ್ನು ಮುಂದಕ್ಕೆ ತಳ್ಳುವುದೂ ಸಮಯದ ಸದುಪಯೋಗವೇ. ತಿಂಗಳುಗಳ ನಂತರ 'ಜ್ಞಾನ' ಎಂಬ ಪದ ಎದುರಾದಾಗ, ಆವತ್ತು ಬಿಟ್ಟ ಅಕ್ಷರ 'ಜ'ದ ಕಾಲಬುಡದಲ್ಲಿ ಅಡಗಿ ಕುಳಿತಿದೆಯಲ್ಲ ಎಂದು ಉಮ್ಮನೇ ಪತ್ತೆ ಹಚ್ಚಿದರು.

ರಬೀಉಲ್ ಆಖಿರ್‌ನಲ್ಲಿ ಕಣ್ಣಿಗೆ ಚುಚ್ಚುಮದ್ದು ಕೊಡಿಸಬೇಕಾಗಿ ಬಂದು, ಜೊತೆಗೆ ಕುಟುಂಬದಲ್ಲೊಂದು ನಿಕಾಹ್ ಕೂಡಿ, ಎರಡು ವಾರ ಪಾಠ ನಿಂತಿತು. ಯೋಜನೆಯಲ್ಲಿ ಬಿಡುವನ್ನು ಮೊದಲೇ ಇಟ್ಟುಕೊಂಡಿದ್ದರಿಂದ ಎದೆಗುಂದುವ ಪ್ರಸಂಗ ಬರಲಿಲ್ಲ. ವಾಕ್ಯಗಳಿಗೆಂದು ಇಟ್ಟ ಕಾಲದಿಂದ ಎರಡು ವಾರ ಕಳೆದು ಮುಂದುವರಿದೆವು.

ರಜಬ್ ತಿಂಗಳ ಎರಡನೆಯ ವಾರದಲ್ಲಿ ಆ ಗ್ರಂಥವನ್ನು ಕಪಾಟಿನಿಂದ ಇಳಿಸಿದೆವು. ಅಚ್ಚಿನ ಅಕ್ಷರಗಳು ಚಿಕ್ಕವಾಗಿದ್ದವು. ಜೆರಾಕ್ಸ್ ಅಂಗಡಿಯಲ್ಲಿ ಆ ಪುಟಗಳನ್ನು ದೊಡ್ಡದು ಮಾಡಿಸಿ ತಂದೆ. ದಿನಕ್ಕೆ ಮೂರು ಸೂಕ್ತ. ಕೆಲವು ದಿನ ಎರಡೇ ಆಗುತ್ತಿದ್ದವು, ಕೆಲವು ದಿನ ಐದು. ಬಾವಿಗೆ ತಳ್ಳಿದ ಸೋದರರ ವೃತ್ತಾಂತ, ಸೆರೆಮನೆ, ಅರಸನ ಕನಸು, ಏಳು ವರ್ಷಗಳ ಬೇಸಾಯ ಎಲ್ಲವನ್ನೂ ಅಕ್ಷರ ಅಕ್ಷರವಾಗಿ ಕೂಡಿಸಿ ಓದಿದರು. ಮಗನ ಅಗಲಿಕೆಯ ದುಃಖದಿಂದ ಯಅಕೂಬ್(ಅ)ರ ಕಣ್ಣುಗಳು ಬೆಳ್ಳಗಾದ ಸೂಕ್ತ ಬಂದಾಗ ಉಮ್ಮ ಕನ್ನಡಕ ತೆಗೆದು ಒರೆಸಿಕೊಂಡರು, ಏನೂ ಹೇಳಲಿಲ್ಲ. ಯೂಸುಫ್(ಅ)ರ ಅಂಗಿಯನ್ನು ಮುಖದ ಮೇಲೆ ಹಾಕಿದಾಗ ಆ ದೃಷ್ಟಿ ಮರಳಿದ ಸೂಕ್ತವನ್ನು ಎರಡು ಸಲ ಓದಿದರು. ಶಅಬಾನಿನ ಕೊನೆಯ ವಾರದಲ್ಲಿ 111ನೆಯ ಸೂಕ್ತ ಮುಗಿಯಿತು. ಅಲ್‌ಹಮ್ದುಲಿಲ್ಲಾಹ್.

ಆ ಹನ್ನೊಂದು ತಿಂಗಳ ಪಾಠಗಳನ್ನೆಲ್ಲ ಕೂಡಿಸಿ ನೋಡಿದರೆ ಸುಮಾರು 110 ಗಂಟೆಗಳಾಗುತ್ತವೆ. ಐದು ದಿನ, ಐದು ರಾತ್ರಿಗಳಷ್ಟೂ ಇಲ್ಲ. ಅರವತ್ತೆಂಟು ವರ್ಷಗಳ ಕಾಲ ಮುಚ್ಚಿದ್ದ ಬಾಗಿಲು ಅಷ್ಟರಲ್ಲಿ ತೆರೆಯಿತು. ಈಗ ಉಮ್ಮನ ಕಣ್ಣಿಗೆ ದೊಡ್ಡ ಅಕ್ಷರವೂ ಮಸುಕು. ಮೊಮ್ಮಕ್ಕಳು ಓದಿದ್ದನ್ನು ಆಲಿಸುತ್ತಾರೆ. ಅವರು ಸಾಲು ತಪ್ಪಿಸಿದರೆ ತಕ್ಷಣ ತಿದ್ದುತ್ತಾರೆ. ಆ ಕೆಲಸವನ್ನು ಮುಂದಿನ ವರ್ಷಕ್ಕೆ ಇಟ್ಟಿದ್ದರೆ ಅದಕ್ಕೆ ಮುಂದಿನ ವರ್ಷವೇ ಇರುತ್ತಿರಲಿಲ್ಲ.

ನಮಾಝ್ ಕಲಿಸುವ ಸಮಯಪ್ರಜ್ಞೆ

ಆರೋಗ್ಯ ಮತ್ತು ಬಿಡುವು ಎಂಬ ಎರಡು ಅನುಗ್ರಹಗಳ ವಿಷಯದಲ್ಲಿ ಅನೇಕ ಜನರು ನಷ್ಟ ಹೊಂದುತ್ತಾರೆ ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಈ ಹದೀಸ್ ಬುಖಾರಿಯಲ್ಲಿದೆ. ಅಲ್ಲಿ ಬಳಸಲಾದ ಮಾತು ವ್ಯಾಪಾರದಲ್ಲಿ ಮೋಸಹೋಗುವುದಕ್ಕೆ ಹೇಳುವ ಮಾತು. ಬೆಲೆಬಾಳುವ ಸರಕನ್ನು ಕಾಸಿಗೆ ಮಾರಿ ಬಂದವನಂತೆ ಮನುಷ್ಯನು ತನ್ನ ಬಿಡುವನ್ನು ಕೈಚೆಲ್ಲುತ್ತಾನೆ. ಕುರ್‌ಆನಿನ ಸೂರಃ ಅಲ್ ಅಸ್ರ್ ಕೇವಲ ಮೂರು ಸೂಕ್ತಗಳದ್ದು. ಅದು ಕಾಲದ ಮೇಲೆ ಆಣೆಯಿಟ್ಟು ಮನುಷ್ಯನ ನಷ್ಟವನ್ನು ಸಾರುತ್ತದೆ ಮತ್ತು ವಿಶ್ವಾಸ, ಸತ್ಕರ್ಮ, ಸತ್ಯ ಹಾಗೂ ಸಹನೆಯ ಪರಸ್ಪರ ಉಪದೇಶಗಳನ್ನು ಆ ನಷ್ಟದಿಂದ ಪಾರಾಗುವ ದಾರಿಯಾಗಿ ತೋರಿಸುತ್ತದೆ.

ನಮಾಝನ್ನು ಸತ್ಯವಿಶ್ವಾಸಿಗಳ ಮೇಲೆ ಸಮಯ ನಿಶ್ಚಯಿಸಿ ಕಡ್ಡಾಯಗೊಳಿಸಲಾಗಿದೆ ಎಂದು ಕುರ್‌ಆನ್ ಹೇಳುತ್ತದೆ. ದಿನಕ್ಕೆ ಐದು ಬಾರಿ ಅದಾನಿನ ಕರೆ ನಮ್ಮ ದಿನವನ್ನು ಭಾಗ ಮಾಡಿಕೊಡುತ್ತದೆ. ಸುಬ್ಹಿಯ ನಂತರದ ಮುಂಜಾವಿಗೆ ಬರಕತ್ ನೀಡಬೇಕೆಂದು ಪ್ರವಾದಿ(ಸ) ತಮ್ಮ ಸಮುದಾಯಕ್ಕಾಗಿ ಪ್ರಾರ್ಥಿಸಿದ್ದಾರೆ. ಮನಸ್ಸು ತಿಳಿಯಾಗಿರುವ ಆ ಹೊತ್ತು ಓದಿಗೆ, ಬರವಣಿಗೆಗೆ, ಕಠಿಣವಾದ ಕೆಲಸಗಳಿಗೆ ಹೇಳಿಮಾಡಿಸಿದಂಥದು. ಝುಹರ್ ದಿನದ ನಡುವೆ ನಿಂತು ಇದುವರೆಗಿನ ಕೆಲಸವನ್ನು ನೋಡಿಕೊಳ್ಳುವ ಅವಕಾಶ ನೀಡುತ್ತದೆ. ಅಸರ್ ವ್ಯವಹಾರಗಳನ್ನು ಮುಗಿಸಲು ನೆನಪಿಸುತ್ತದೆ. ಮಗ್ರಿಬ್ ಮನೆಮಂದಿಯನ್ನು ಒಟ್ಟುಗೂಡಿಸುತ್ತದೆ. ಇಶಾ ದಿನವನ್ನು ಮುಚ್ಚುತ್ತದೆ. ನಾಳೆ ಎಂದಾದರೂ ಮಾಡುತ್ತೇನೆ ಎಂಬ ಸಂಕಲ್ಪಕ್ಕೆ ಬೇರು ಇರುವುದಿಲ್ಲ. ಸುಬ್ಹಿ ನಮಾಝ್ ಮುಗಿಸಿ ಮುಸಲ್ಲಾದಿಂದ ಏಳುವ ಮುನ್ನ ಒಂದು ಪುಟ ಅರ್ಥಸಹಿತ ಓದುತ್ತೇನೆ ಎಂಬ ಸಂಕಲ್ಪಕ್ಕೆ ನಿಲ್ಲಲು ನೆಲ ದೊರೆತಿರುತ್ತದೆ.

ಯೋಜನೆ ಮತ್ತು ಭರವಸೆ

ಕೆಲವರು ಕೇಳುವುದುಂಟು: ನಾಳೆಯ ದಿನ ಅಲ್ಲಾಹನ ಕೈಯಲ್ಲಿರುವಾಗ ಇಷ್ಟೆಲ್ಲ ಲೆಕ್ಕಾಚಾರ ತವಕ್ಕುಲ್‌ಗೆ ಹೊಂದುತ್ತದೆಯೇ? ಇದಕ್ಕೂ ಸೂರಃ ಯೂಸುಫ್‌ನಲ್ಲಿಯೇ ಉತ್ತರವಿದೆ. ಮಕ್ಕಳನ್ನು ಈಜಿಪ್ಟಿಗೆ ಕಳಿಸುವಾಗ ಯಅಕೂಬ್(ಅ) ಅವರಿಗೆ ಒಂದೇ ಬಾಗಿಲಿನಿಂದ ಪ್ರವೇಶಿಸದೆ ಬೇರೆ ಬೇರೆ ಬಾಗಿಲುಗಳಿಂದ ಪ್ರವೇಶಿಸುವಂತೆ ಉಪದೇಶಿಸಿದರು. ಅದೇ ಉಸಿರಿನಲ್ಲಿ, ಅಲ್ಲಾಹನ ನಿರ್ಧಾರದೆದುರು ತಾನು ಅವರಿಗೆ ಏನನ್ನೂ ಮಾಡಲಾರೆನೆಂದೂ, ತನ್ನ ಭರವಸೆ ಅವನ ಮೇಲೆಯೇ ಇದೆಯೆಂದೂ ಹೇಳಿದರು. ಮುನ್ನೆಚ್ಚರಿಕೆಯೂ ಭರವಸೆಯೂ ಅವರ ಒಂದೇ ಮಾತಿನಲ್ಲಿ ಜೊತೆಯಾಗಿದ್ದವು.

ನಾಳೆ ಇದನ್ನು ಮಾಡುತ್ತೇನೆ ಎಂದು ಹೇಳುವಾಗ ಅಲ್ಲಾಹನು ಇಚ್ಛಿಸಿದರೆ ಎಂಬುದನ್ನು ಸೇರಿಸಬೇಕೆಂದು ಸೂರಃ ಅಲ್ ಕಹ್ಫ್ ಕಲಿಸುತ್ತದೆ. ಇನ್ಶಾ ಅಲ್ಲಾಹ್ ಎಂಬ ಆ ಪವಿತ್ರ ಮಾತು ಇಂದು ನಮ್ಮ ನಡುವೆ ಕೆಲವೊಮ್ಮೆ ನುಣುಚಿಕೊಳ್ಳುವ ಉಪಾಯವಾಗಿಬಿಟ್ಟಿರುವುದು ವಿಷಾದನೀಯ. ದಿನ, ಹೊತ್ತು, ಪ್ರಮಾಣಗಳನ್ನು ನಿಶ್ಚಯಿಸಿ, ಅದಕ್ಕಾಗಿ ಸಿದ್ಧನಾಗಿ ನಿಂತವನ ಬಾಯಿಂದ ಬಂದಾಗ ಆ ಮಾತಿಗೆ ಅದರ ನಿಜವಾದ ಘನತೆ ದೊರೆಯುತ್ತದೆ. ಹೊಲ ಉಳದವನು ಮಳೆಗಾಗಿ ಪ್ರಾರ್ಥಿಸಿದರೆ ಆ ಮಳೆ ಅವನ ಹೊಲದಲ್ಲಿ ಕಳೆಯನ್ನಷ್ಟೇ ಬೆಳೆಸೀತು.

ಒಂದು ಹಾಳೆ, ಒಂದು ಹೊತ್ತು

ಪ್ರಿಯ ಸಹೋದರ ಸಹೋದರಿಯರೇ, ನಿಮ್ಮ ಮನಸ್ಸಿನಲ್ಲಿಯೂ ಬಹುಕಾಲದಿಂದ ಕಾದಿರುವ ಒಂದು ಒಳ್ಳೆಯ ಆಲೋಚನೆ ಖಂಡಿತವಾಗಿ ಇರುತ್ತದೆ. ಹತ್ತು ಇದ್ದರೂ ಮೊದಲು ಒಂದನ್ನು ಆರಿಸಿರಿ. ಯಾವುದನ್ನು ತಡಮಾಡಿದರೆ ಅವಕಾಶವೇ ಕೈತಪ್ಪುವುದೋ ಅದಕ್ಕೆ ಆದ್ಯತೆ ನೀಡಿರಿ. ವೃದ್ಧ ತಂದೆತಾಯಿಯ ಸೇವೆ, ಮುನಿದ ಸೋದರನ ಭೇಟಿ, ತೀರಿಸಬೇಕಾದ ಸಾಲ, ಬರೆದಿಡಬೇಕಾದ ವಸಿಯ್ಯತ್ ಇಂತಹವು. ಅದನ್ನು ಒಂದು ಹಾಳೆಯ ಮೇಲೆ ಒಂದೇ ವಾಕ್ಯದಲ್ಲಿ ಬರೆಯಿರಿ. ಯಾವಾಗ ಮುಗಿಯಬೇಕೆಂಬುದನ್ನೂ ಬರೆಯಿರಿ. ಆ ಅವಧಿಯಿಂದ ಹಿಂದಕ್ಕೆ ಎಣಿಸುತ್ತ ಬಂದು ಇಂದಿನ ಪಾಲು ಎಷ್ಟೆಂದು ಕಂಡುಕೊಳ್ಳಿರಿ. ಆ ಪಾಲು ನಲವತ್ತು ಮೊಳದಂತೆ ನಿಮ್ಮ ಕೈಗೆಟುಕುವಷ್ಟೇ ಇರಲಿ. ಅದನ್ನು ಐದು ನಮಾಝುಗಳಲ್ಲಿ ಯಾವುದಾದರೂ ಒಂದರ ಮಗ್ಗುಲಿಗೆ ಕಟ್ಟಿರಿ. ರೋಗ, ಪ್ರಯಾಣ, ಮದುವೆ, ಮರಣಗಳು ಬಂದೇ ಬರುತ್ತವೆ. ಅವುಗಳಿಗೂ ಒಂದಿಷ್ಟು ಜಾಗ ಬಿಟ್ಟಿರಿ.

ಒಬ್ಬ ಸಂಗಾತಿಯನ್ನು ಜೊತೆಗಿರಿಸಿಕೊಳ್ಳಿರಿ. ಪತಿ, ಪತ್ನಿ, ಮಗ, ಮಗಳು, ಗೆಳೆಯ ಯಾರೇ ಆಗಲಿ, ವಾರಕ್ಕೊಮ್ಮೆ ಎಲ್ಲಿಗೆ ಬಂತು ಎಂದು ಪ್ರೀತಿಯಿಂದ ಕೇಳುವವರು ಬೇಕು. ನಿಮ್ಮ ಲೆಕ್ಕ ಕೇಳಲ್ಪಡುವ ಮುನ್ನ ನೀವೇ ನಿಮ್ಮ ಲೆಕ್ಕ ನೋಡಿಕೊಳ್ಳಬೇಕೆಂಬ ಉಪದೇಶ ಖಲೀಫಾ ಉಮರ್(ರ)ರದ್ದೆಂದು ವರದಿಯಾಗಿದೆ. ಇಶಾದ ಬಳಿಕ ಎರಡು ನಿಮಿಷ ಅದಕ್ಕೆ ಸಾಕು. ಇಂದಿನ ಪಾಲು ಮುಗಿದಿದ್ದರೆ ಅಲ್ಲಾಹನನ್ನು ಸ್ತುತಿಸಿರಿ. ಉಳಿದಿದ್ದರೆ ನಾಳೆಯ ಮೊದಲ ಕೆಲಸವಾಗಿ ಅದನ್ನು ಗುರುತಿಸಿ ಮಲಗಿರಿ.

ಕೈಯಲ್ಲಿ ಸಸಿಯೊಂದು ಇರುವಾಗ ಅಂತ್ಯದಿನವೇ ಬಂದೆರಗಿದರೂ, ನೆಡಲು ಸಾಧ್ಯವಿದ್ದರೆ ಅದನ್ನು ನೆಟ್ಟುಬಿಡಬೇಕೆಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದ್ದಾರೆ. ಆ ಸಸಿಗೆ ನೀರೆರೆಯುವವರಾರು, ಅದರ ಹಣ್ಣು ತಿನ್ನುವವರಾರು ಎಂಬ ಪ್ರಶ್ನೆಗಳಿಗೆ ಅಲ್ಲಿ ಅವಕಾಶವಿಲ್ಲ. ಸಸಿ ಕೈಯಲ್ಲಿದೆ, ನೆಲ ಕಾಲಡಿಯಲ್ಲಿದೆ, ಹೊತ್ತು ಇನ್ನೂ ಉಳಿದಿದೆ. ನೆಡಲು ಇಷ್ಟು ಸಾಕು.

ನಮ್ಮ ಒಳ್ಳೆಯ ಸಂಕಲ್ಪಗಳನ್ನು ಅವುಗಳ ಸಮಯದಲ್ಲಿಯೇ ಕಾರ್ಯವಾಗಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ನಮ್ಮ ಆಯುಷ್ಯದಲ್ಲಿ, ಆರೋಗ್ಯದಲ್ಲಿ ಮತ್ತು ಬಿಡುವಿನಲ್ಲಿ ಅವನು ಬರಕತ್ ನೀಡಲಿ. ಆಮೀನ್.